ರೂಕಿ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನಾ ಅಂತ ಎಷ್ಟು ಮ್ಯಾಚಿಗೆ ಗೊತ್ತಾಗುತ್ತೆ?

ಮೈಸೂರಿನ ಓದುಗರೊಬ್ರು ಕೇಳಿರೋ ಪ್ರಶ್ನೆ ಇದು: "2024ರಲ್ಲಿ ಚಿಕಾಗೋ ಹತ್ರ ಮಗಳ ಮನೇಲಿ ಆರು ತಿಂಗಳು ಇದ್ದೆ. ಅಳಿಯಂದ್ರಿಗೆ ಬೇರ್ಸ್ ಟೀಮ್ ಅಂದ್ರೆ ಪ್ರಾಣ. ಅವ್ರ ಜೊತೆ ಕೂತು ಕೂತು ನನಗೂ ಅಮೆರಿಕನ್ ಫುಟ್ಬಾಲ್ ಸ್ವಲ್ಪ ಅರ್ಥ ಆಗೋಕೆ ಶುರುವಾಯ್ತು. ಆದ್ರೆ ಒಂದು ವಿಷ್ಯ ಬಗೆಹರೀಲೇ ಇಲ್ಲ. ಬಾಲ್ ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್, ಆ ವರ್ಷವೇ ಲೀಗಿಗೆ ಬಂದ ರೂಕಿ ಹುಡುಗ ಕೇಲೆಬ್ ವಿಲಿಯಮ್ಸ್ ಬಗ್ಗೆ ಅಳಿಯಂದ್ರು ಒಂದು ಭಾನುವಾರ 'ಇಷ್ಟು ವರ್ಷ ಕಾದಿದ್ದು ಸಾರ್ಥಕ ಆಯ್ತು ಮಾವ' ಅಂತಾರೆ, ಮುಂದಿನ ಭಾನುವಾರ 'ಇವನೂ ಅಷ್ಟೇ' ಅಂತ ಟೀವಿ ಆಫ್ ಮಾಡಿ ಎದ್ದು ಹೋಗ್ತಾರೆ. ಹೊಸ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನಾ ಅಲ್ವಾ ಅಂತ ಎಷ್ಟು ಮ್ಯಾಚಿಗೆ ಗೊತ್ತಾಗುತ್ತೆ? ಏನು ನೋಡ್ಬೇಕು?"

ಸರ್, ನಾಲ್ಕೈದು ಮ್ಯಾಚಿಗೆ ತೀರ್ಪು ಕೊಡೋಕೆ ಆಗಲ್ಲ. ಹಾಗಂತ ನಾಲ್ಕೈದು ಮ್ಯಾಚಲ್ಲಿ ಏನೂ ಕಾಣಲ್ಲ ಅಂತನೂ ಹೇಳಲ್ಲ, ತುಂಬಾನೇ ಕಾಣುತ್ತೆ, ಆದ್ರೆ ನಾವೆಲ್ಲ ನೋಡ್ತಾ ಇರೋದು ಬೇರೆ ಕಡೆ, ಗೆದ್ರಾ ಸೋತ್ರಾ, ಎಷ್ಟು ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸೋ ಸ್ಕೋರು), ಎಷ್ಟು ಇಂಟರ್‌ಸೆಪ್ಷನ್ (ಎಸೆದ ಬಾಲ್ ಎದುರಾಳಿ ಹಿಡಿಯೋದು). ನಾನು ಹ್ಯೂಸ್ಟನ್‌ನಲ್ಲಿ ಇರೋದು, ಇಲ್ಲಿನ ಟೆಕ್ಸನ್ಸ್ ಟೀಮ್ ಫ್ಯಾನು, ನಾನೂ ಎಷ್ಟೋ ವರ್ಷ ಇದನ್ನೇ ನೋಡ್ಕೊಂಡು ಬಂದಿದ್ದೀನಿ.

ನಿಮ್ಮ ಅಳಿಯಂದ್ರ ಮೊದಲ ಭಾನುವಾರದಿಂದಲೇ ಶುರು ಮಾಡೋಣ. 2024ರ ಸೆಪ್ಟೆಂಬರ್ 8, ಕೇಲೆಬ್ ಮೊದಲ ಮ್ಯಾಚು, ಟೆನೆಸ್ಸೀ ಟೈಟನ್ಸ್ ಮೇಲೆ. ಬೇರ್ಸ್ 17-0 ಹಿಂದೆ ಬಿದ್ದು ಕೊನೆಗೆ 24-17ಕ್ಕೆ ಗೆದ್ರು. ಆದ್ರೆ ಆವತ್ತು ಕೇಲೆಬ್ 29 ಪಾಸ್ ಎಸೆದು 14 ಮಾತ್ರ ಕೈಗೆ ಸೇರಿಸಿ ಒಟ್ಟು 93 ಯಾರ್ಡ್ ಅಷ್ಟೇ ಮಾಡಿದ್ದು. ಬೇರ್ಸ್‌ನ ಎರಡು ಟಚ್‌ಡೌನೂ ಬಂದಿದ್ದು ಬೇರೆಯವ್ರಿಂದ, ಒಂದು ಎದುರಾಳಿಯ ಪಂಟ್ (ಬಾಲ್ ಬಿಟ್ಟುಕೊಡುವಾಗ ದೂರಕ್ಕೆ ಒದೆಯೋದು) ತಡೆದು ಎತ್ಕೊಂಡು ಓಡಿದ್ದು, ಇನ್ನೊಂದು ಅವ್ರ ಪಾಸ್ ಕಿತ್ಕೊಂಡು ಓಡಿದ್ದು. ರೆಕಾರ್ಡ್ ಬುಕ್ಕಲ್ಲಿ ಮಾತ್ರ "ಕೇಲೆಬ್ ವಿಲಿಯಮ್ಸ್, ಮೊದಲ ಮ್ಯಾಚು, ಗೆಲುವು" ಅಂತ ಇರುತ್ತೆ. ಆಮೇಲೆ ಅಕ್ಟೋಬರಲ್ಲಿ ಲಂಡನ್‌ನಲ್ಲಿ ಜಾಕ್ಸನ್‌ವಿಲ್ ಮೇಲೆ ನಾಲ್ಕು ಟಚ್‌ಡೌನ್ ಪಾಸ್ ಎಸೆದ, ಟೀಮ್ 4-2 ಆಯ್ತು (ನಾಲ್ಕು ಗೆಲುವು, ಎರಡು ಸೋಲು), ಬಹುಶಃ ಸಾರ್ಥಕ ಅಂದಿದ್ದು ಆ ಭಾನುವಾರ ಇರ್ಬೇಕು. ಅದಾದ್ಮೇಲೆ ಸತತ ಹತ್ತು ಸೋಲು.

ಗೆಲುವು ಸೋಲು ಯಾಕೆ ನಂಬಬಾರದು ಅನ್ನೋದಕ್ಕೆ 1998ರ ಕಥೆನೇ ಸಾಕು. ಆ ವರ್ಷ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನ ಆರಿಸೋವಾಗ, ಮೊದಲನೇ ಹುಡುಗ ಪೇಯ್ಟನ್ ಮ್ಯಾನಿಂಗ್, ಇಂಡಿಯಾನಾಪೊಲಿಸ್‌ಗೆ ಹೋದ, ಎರಡನೇ ಹುಡುಗ ರಯಾನ್ ಲೀಫ್, ಸ್ಯಾನ್ ಡಿಯಾಗೋಗೆ. ಎರಡು ವಾರ ಆಗೋ ಹೊತ್ತಿಗೆ ಲೀಫ್ ಎರಡೂ ಗೆದ್ದಿದ್ದ, ಮ್ಯಾನಿಂಗ್ ಎರಡೂ ಸೋತಿದ್ದ, ಅದರಲ್ಲೂ ಮೊದಲ ಮ್ಯಾಚಲ್ಲೇ ಮೂರು ಇಂಟರ್‌ಸೆಪ್ಷನ್. ಮೂರನೇ ವಾರ ಕ್ಯಾನ್ಸಸ್ ಸಿಟೀಲಿ ಲೀಫ್ 15 ಪಾಸಲ್ಲಿ ಒಂದೇ ಒಂದು ಕೈಗೆ ಸೇರಿಸಿದ, ಅದೂ ನಾಲ್ಕು ಯಾರ್ಡ್. ಆಮೇಲೆ ಅವನು ಮೇಲೆ ಏಳ್ಲೇ ಇಲ್ಲ. ಮ್ಯಾನಿಂಗ್ ಆ ಸೀಸನ್ ಪೂರ್ತಿ ಒದ್ದಾಡಿ 28 ಇಂಟರ್‌ಸೆಪ್ಷನ್ ಕೊಟ್ಟ, ರೂಕಿಗಳಲ್ಲಿ ಇವತ್ತಿಗೂ ಅದೇ ರೆಕಾರ್ಡು, ಟೀಮ್ 3-13. ಮುಂದಿನ ವರ್ಷ ಅದೇ ಟೀಮ್ 13-3.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಈ ಎರಡು ಸೀಸನ್ ಪಕ್ಕ ಪಕ್ಕ ಇಟ್ಟು ನೋಡೋದು ತುಂಬಾ ಇಷ್ಟ. ಮ್ಯಾನಿಂಗ್ 1998ರಲ್ಲಿ 575 ಪಾಸ್ ಎಸೆದ, ಕೇಲೆಬ್ 2024ರಲ್ಲಿ 562. ಹತ್ರಹತ್ರ ಒಂದೇ. ಮ್ಯಾನಿಂಗ್‌ಗೆ 28 ಇಂಟರ್‌ಸೆಪ್ಷನ್, ಸ್ಯಾಕ್ ಮಾತ್ರ 22. ಕೇಲೆಬ್‌ಗೆ ಇಂಟರ್‌ಸೆಪ್ಷನ್ ಬರೀ ಆರು, ಸ್ಯಾಕ್ 68! ಸ್ಯಾಕ್ ಅಂದ್ರೆ ಬಾಲ್ ಎಸೆಯೋದಕ್ಕೆ ಮುಂಚೆನೇ ಅವನನ್ನ ನೆಲಕ್ಕೆ ಕೆಡವೋದು, ನಿಮಗೆ ಗೊತ್ತಿರುತ್ತೆ, ಆ ವರ್ಷ ಬೇಕಾದಷ್ಟು ನೋಡಿರ್ತೀರ.

ಈ ಎರಡು ನಂಬರ್ ಬೇರೆ ಬೇರೆ ಮಾತು ಹೇಳ್ತವೆ. ಮ್ಯಾನಿಂಗ್ ಆಗಲೇ ಬೇಗ ಬೇಗ ತೀರ್ಮಾನ ತಗೋತಿದ್ದ, ತೀರ್ಮಾನ ತಪ್ಪಾಗ್ತಿತ್ತು ಅಷ್ಟೇ, ಕಾಲೇಜಲ್ಲಿ ನುಗ್ತಿದ್ದ ಪಾಸು ಇಲ್ಲಿ ನುಗ್ತಿರಲಿಲ್ಲ, ಡಿಫೆಂಡರ್‌ಗಳು ಅಷ್ಟು ಫಾಸ್ಟು, ಅದನ್ನ ಅವನು ಒಂದೊಂದಾಗಿ ತಿಂದು ಕಲಿತ. ಕೇಲೆಬ್ ಉಲ್ಟಾ. ಬಾಲ್ ಕಳ್ಕೊಳ್ತಿರಲಿಲ್ಲ, ಸತತ 353 ಪಾಸ್ ಒಂದೂ ಇಂಟರ್‌ಸೆಪ್ಷನ್ ಇಲ್ದೆ ಎಸೆದು ರೂಕಿಗಳ ರೆಕಾರ್ಡ್ ಮಾಡಿದ, ಆದ್ರೆ ಆ ಜೋಪಾನದ ಬೆಲೆ ಬೇರೆ ಕಡೆ ಕೊಡ್ತಿದ್ದ, ಬಾಲ್ ಹಿಡ್ಕೊಂಡೇ ಇರ್ತಿದ್ದ, ಇನ್ನೂ ಯಾರಾದ್ರೂ ಓಪನ್ ಆಗ್ತಾರೇನೋ ಅಂತ ಸುತ್ತಾಡಿ ಸುತ್ತಾಡಿ ಕೊನೆಗೆ ಹತ್ತು ಯಾರ್ಡ್ ಹಿಂದೆ ಬೀಳ್ತಿದ್ದ. ಟೀವೀಲಿ ತೋರಿಸೋ ಪಾಸರ್ ರೇಟಿಂಗ್ ಇದೆಯಲ್ಲ, ಅದರ ಲೆಕ್ಕದಲ್ಲಿ ಸ್ಯಾಕ್ ಸೇರೋದೇ ಇಲ್ಲ. ಹಾಗಾಗಿ ರೇಟಿಂಗ್ ಮಾತ್ರ ನೋಡೋರಿಗೆ ಇಂಥ ರೂಕಿ ಇರೋದಕ್ಕಿಂತ ಚೆನ್ನಾಗಿ ಕಾಣ್ತಾನೆ.

ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಕೇಳಿದ್ರೆ, ಮೊದಲ ಒಂದು ತಿಂಗಳಲ್ಲಿ ನಾನು ಸ್ಯಾಕ್‌ಗೆ ಜಾಸ್ತಿ ಭಯ ಪಡ್ತೀನಿ. ಇಂಟರ್‌ಸೆಪ್ಷನಲ್ಲಿ ಅದೃಷ್ಟದ ಪಾಲು ದೊಡ್ಡದು, ಸರಿಯಾಗಿ ಎಸೆದ ಬಾಲು ಅದನ್ನ ಹಿಡೀಬೇಕಾದ ರಿಸೀವರ್ ಕೈಗೆ ತಾಗಿ ಚಿಮ್ಮಿ ಇನ್ನೊಬ್ಬನ ಕೈ ಸೇರುತ್ತೆ, ಕೆಟ್ಟದಾಗಿ ಎಸೆದಿದ್ದು ಡಿಫೆಂಡರ್ ಕೈಯಿಂದ ಜಾರಿ ಬದುಕುತ್ತೆ. ಬಾಲ್ ಎಷ್ಟು ಹೊತ್ತು ಹಿಡ್ಕೊಳ್ತಾನೆ ಅನ್ನೋದು ಹಾಗಲ್ಲ, ಅದು ಅಭ್ಯಾಸ, ವಾರದಿಂದ ವಾರಕ್ಕೆ ಅಷ್ಟು ಸುಲಭವಾಗಿ ಬದಲಾಗಲ್ಲ.

ಅದನ್ನ ಕಣ್ಣಲ್ಲಿ ನೋಡೋದು ಹೇಗೆ ಅಂತ ಹೇಳ್ತೀನಿ. ಥರ್ಡ್ ಡೌನ್, ಅಂದ್ರೆ ಹತ್ತು ಯಾರ್ಡ್ ದಾಟೋಕೆ ಇರೋ ನಾಲ್ಕು ಅವಕಾಶದಲ್ಲಿ ಮೂರನೇದು, ಇನ್ನೂ ಎಂಟು ಯಾರ್ಡ್ ಬೇಕು. ಎದುರಿಗೆ ತುಂಬಾ ಹಿಂದೆ ಸೇಫ್ಟಿ ಅನ್ನೋ ಡಿಫೆಂಡರ್‌ಗಳು ಇಬ್ರು ನಿಂತಿದ್ದಾರೆ, ಎಡಕ್ಕೊಬ್ಬ ಬಲಕ್ಕೊಬ್ಬ. ಅದನ್ನ ನೋಡಿ ಹುಡುಗ ಮನಸ್ಸಲ್ಲಿ ಬಾಲ್ ಎಲ್ಲಿಗೆ ಎಸೀಬೇಕು ಅಂತ ಅಂದ್ಕೊಂಡಿರ್ತಾನೆ. ಬಾಲ್ ಸ್ನ್ಯಾಪ್ ಆಗಿ ಪ್ಲೇ ಶುರುವಾದ ತಕ್ಷಣ ಒಬ್ಬ ಸೇಫ್ಟಿ ದಡದಡ ಅಂತ ಕೆಳಗೆ ಇಳೀತಾನೆ, ಇನ್ನೊಬ್ಬ ಮಧ್ಯಕ್ಕೆ ಜಾರ್ತಾನೆ, ಚಿತ್ರಾನೇ ಬದಲಾಯ್ತು. ಈಗ ನೀವು ಬಾಲ್ ಹಿಂದೆ ಹೋಗ್ಬೇಡಿ, ಹುಡುಗನ ಹೆಲ್ಮೆಟ್ ನೋಡಿ, ಮನಸ್ಸಲ್ಲೇ ಒಂದ್, ಎರಡ್, ಮೂರ್ ಅಂತ ಎಣಿಸಿ. ಎರಡು ಎರಡೂವರೆಗೆಲ್ಲಾ ಬಾಲ್ ಕೈ ಬಿಡ್ಬೇಕು. ಕಲಿಯೋ ಹುಡುಗ ಆದ್ರೆ ಹೆಲ್ಮೆಟ್ ಒಂದು ಕಡೆಯಿಂದ ಇನ್ನೊಂದು ಕಡೆ ತಿರುಗುತ್ತೆ, ಅದರ ಜೊತೆಗೆ ಕಾಲೂ ತಿರುಗುತ್ತೆ, ಮೊದಲನೆಯವನು ಇಲ್ಲ ಅಂದ್ರೆ ಎರಡನೆಯವನು, ಅವನೂ ಇಲ್ಲ ಅಂದ್ರೆ ಪಕ್ಕದಲ್ಲೇ ಇರೋ ರನ್ನಿಂಗ್ ಬ್ಯಾಕ್‌ಗೆ (ಬಾಲ್ ಹಿಡ್ಕೊಂಡು ಓಡೋನು) ಸಣ್ಣ ಪಾಸು, ಅದೂ ಆಗ್ಲಿಲ್ಲ ಅಂದ್ರೆ ಗೆರೆ ಆಚೆ ಎಸೆದು ಕೈ ತೊಳ್ಕೋತಾನೆ. ಸ್ಟೇಡಿಯಮಲ್ಲಿ ಜನ ಬೈತಾರೆ, ಲೆಕ್ಕದಲ್ಲೂ ಒಂದು ಫೇಲ್ ಆದ ಪಾಸು ಅಂತ ಬರುತ್ತೆ, ಆದ್ರೆ ನನಗೆ ಅದು ಒಳ್ಳೇ ಪ್ಲೇ, ಮುಂದಿನ ಪಂಟ್‌ಗೆ ಹತ್ತು ಯಾರ್ಡ್ ಉಳೀತು. ಹೆಲ್ಮೆಟ್ ಒಂದೇ ಕಡೆ ಅಂಟ್ಕೊಂಡಿದ್ರೆ ಅಥವಾ ಮೂರು ಎಣಿಸಿದ್ಮೇಲೂ ಬಾಲ್ ಎದೆ ಹತ್ರನೇ ಇದ್ರೆ, ಆ ಸಲ ಬಚಾವಾದ್ರೂ ಒಂದು ನೋಟ್ ಮಾಡ್ಕೊಳ್ಳಿ. ಒಂದು ಮ್ಯಾಚಲ್ಲಿ ಇಂಥ ಪ್ಲೇ ಹತ್ತಾದ್ರೂ ಸಿಗುತ್ತೆ, ನಾಲ್ಕು ಮ್ಯಾಚಿಗೆ ನಲವತ್ತು, ಸ್ಕೋರ್‌ಬೋರ್ಡ್‌ಗಿಂತ ನಾನು ಆ ನಲವತ್ತನ್ನ ನಂಬ್ತೀನಿ.

ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು, ಎಲ್ಲಾ ಸ್ಯಾಕೂ ಹುಡುಗನ ತಪ್ಪಲ್ಲ. ಕ್ರಿಕೆಟಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಲ್ಲಿ ಸೊನ್ನೆಗೆ ಔಟಾಗಿ ಎರಡನೇ ಇನ್ನಿಂಗ್ಸಲ್ಲಿ 137 ಹೊಡೆದ್ರಲ್ಲ, ಆ ಸೊನ್ನೆನೂ ಅವ್ರದ್ದೇ, ಆ 137ಉ ಅವ್ರದ್ದೇ. ಕ್ವಾರ್ಟರ್‌ಬ್ಯಾಕ್‌ಗೆ ಹಾಗಿಲ್ಲ. ಅವನ ಮುಂದೆ ಐದು ಜನ ಗೋಡೆ ಥರ ನಿಂತು ಕಾಯ್ಬೇಕು, ರಿಸೀವರ್ ಸರಿಯಾದ ಕಡೆ ತಿರುಗ್ಬೇಕು, ಕೋಚ್ ಸರಿಯಾದ ಪ್ಲೇ ಕರೀಬೇಕು. ನಮ್ಮ ಹ್ಯೂಸ್ಟನ್ ಟೀಮ್ 2002ರಲ್ಲಿ ಹೊಸದಾಗಿ ಶುರುವಾದಾಗ ಮೊದಲ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್, ಮೊದಲ ಮ್ಯಾಚಲ್ಲೇ ಡಾಲಸ್‌ನ ಸೋಲಿಸಿದ್ರು, ಇಡೀ ಊರು ಹಬ್ಬ ಮಾಡಿದ ಕಥೆನ ಇಲ್ಲಿನ ಹಳಬರು ಈಗ್ಲೂ ಹೇಳ್ತಾರೆ. ಆದ್ರೆ ಆ ಗೋಡೆ ಇರ್ಲೇ ಇಲ್ಲ. ಆ ಸೀಸನ್ ಅವನನ್ನ 76 ಸಲ ಕೆಡವಿದ್ರು, ಲೀಗಲ್ಲೇ ಅದು ರೆಕಾರ್ಡು. ಅಷ್ಟು ಪೆಟ್ಟು ತಿಂದ ಹುಡುಗನ ಕಣ್ಣು ರಿಸೀವರ್ ಬಿಟ್ಟು ತನ್ನ ಮೇಲೆ ಬರೋರನ್ನ ನೋಡೋಕೆ ಶುರು ಮಾಡುತ್ತೆ, ಆಮೇಲೆ ಒಳ್ಳೇ ಗೋಡೆ ಕಟ್ಟಿಕೊಟ್ರೂ ಆ ಕಣ್ಣು ವಾಪಸ್ ಬರೋದು ಕಷ್ಟ. ಡೇವಿಡ್ ಕಾರ್‌ಗೆ ನ್ಯಾಯ ಸಿಗ್ಲಿಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ಕೇಲೆಬ್ ವಿಷ್ಯದಲ್ಲೂ ಎರಡೂ ಸೇರಿತ್ತು. ಅವನ ಅಭ್ಯಾಸ ಇತ್ತು, ನಿಜ, ಜೊತೆಗೆ ಗೋಡೆನೂ ಸೋರ್ತಿತ್ತು, ಸೀಸನ್ ಮಧ್ಯದಲ್ಲೇ ಅಫೆನ್ಸ್ ನೋಡ್ಕೊಳ್ತಿದ್ದ ಕೋಚ್‌ನೂ ತೆಗೆದ್ರು, ಹೆಡ್ ಕೋಚ್‌ನೂ ತೆಗೆದ್ರು. 2025ಕ್ಕೆ ಬೆನ್ ಜಾನ್ಸನ್ ಕೋಚ್ ಆಗಿ ಬಂದ್ರು, ಗೋಡೆಯ ಮಧ್ಯದ ಮೂರೂ ಜಾಗಕ್ಕೆ ಹೊಸಬರನ್ನ ತಂದ್ರು, ಸ್ಯಾಕ್ ಅರ್ಧಕ್ಕಿಂತ ಕಮ್ಮಿ ಆಯ್ತು, ಬೇರ್ಸ್ ತಮ್ಮ ಡಿವಿಷನ್ (ಲೀಗಿನೊಳಗಿನ ನಾಲ್ಕು ಟೀಮಿನ ಗುಂಪು) ಗೆದ್ರು. ಹುಡುಗ ಅವನೇ.

ಇನ್ನು ಯಾರ್ಡ್ ಲೆಕ್ಕ. ನನಗೆ ಇದರ ಬಗ್ಗೆ ಕಣ್ಣು ತೆರೆಸಿದ್ದು 2023ರಲ್ಲಿ ರೂಕಿ ಆಗಿದ್ದ ನಮ್ಮ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್. ಆ ಸೀಸನ್ ಎರಡನೇ ವಾರ ಇಂಡಿಯಾನಾಪೊಲಿಸ್ ಮೇಲೆ 384 ಯಾರ್ಡ್ ಎಸೆದ. ಸಂಖ್ಯೆ ನೋಡಿ ಖುಷಿಪಟ್ಟೋರು ಎಷ್ಟೋ ಜನ. ಆದ್ರೆ ಮ್ಯಾಚ್ ಸೋತಿದ್ವಿ, ಹಾಫ್ ಟೈಮಿಗೇ 28-10 ಹಿಂದೆ ಇದ್ವಿ, ಅಷ್ಟು ಮುಂದಿರೋ ಟೀಮು ಸಣ್ಣ ಸಣ್ಣ ಪಾಸು ಹೋದ್ರೆ ಹೋಗ್ಲಿ ಟೈಮ್ ಓಡ್ಲಿ ಅಂತ ಬಿಟ್ಟುಕೊಡುತ್ತೆ, ಹಿಂದಿರೋನು ಎಸೀತಾನೇ ಇರ್ಬೇಕು, ಯಾರ್ಡ್ ಗುಡ್ಡೆ ಬೀಳುತ್ತೆ. ಆವತ್ತು ಅವನನ್ನ ಆರು ಸಲ ಕೆಡವಿದ್ರು. ಅದೇ ಟೀಮ್ ಜೊತೆ ಸೀಸನ್‌ನ ಕೊನೇ ಮ್ಯಾಚು ಬಂತು, ಗೆದ್ದೋರು ಪ್ಲೇಆಫ್‌ಗೆ, ಸೋತೋರು ಮನೆಗೆ. ಮೊದಲನೇ ಪ್ಲೇನಲ್ಲೇ ನಿಕೋ ಕಾಲಿನ್ಸ್‌ಗೆ 75 ಯಾರ್ಡ್ ಟಚ್‌ಡೌನ್! ಆವತ್ತು ಒಟ್ಟು ಯಾರ್ಡ್ 264, ಮೊದಲಿಗಿಂತ 120 ಕಮ್ಮಿ, ಆದ್ರೆ 26 ಪಾಸಲ್ಲಿ 20 ಕೈಗೆ ಸೇರಿತ್ತು, 23-19ಕ್ಕೆ ಗೆದ್ವಿ.

ಅದಕ್ಕೇ ಎಷ್ಟು ಮ್ಯಾಚು ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದು ಸಂಖ್ಯೆ ಅಲ್ಲ ಸರ್, ಎರಡನೇ ಭೇಟಿ. ಒಂದೇ ಡಿವಿಷನ್‌ನ ಟೀಮುಗಳು ವರ್ಷಕ್ಕೆ ಎರಡೆರಡು ಸಲ ಆಡ್ತವೆ. ಮೊದಲ ಮೂರ್ನಾಲ್ಕು ವಾರ ಎದುರಾಳಿ ಕೋಚುಗಳ ಹತ್ರ ಈ ಹುಡುಗನ ವಿಡಿಯೋ ಅಂದ್ರೆ ಕಾಲೇಜಿಂದು ಮತ್ತೆ ಸೀಸನ್‌ಗೆ ಮುಂಚಿನ ಅಭ್ಯಾಸ ಮ್ಯಾಚುಗಳದ್ದು, ಅಂದ್ರೆ ಪ್ರೀಸೀಸನ್ದು, ಅಷ್ಟೇ, ಪ್ರೀಸೀಸನಲ್ಲಂತೂ ಯಾರೂ ತಮ್ಮ ನಿಜವಾದ ಪ್ಲೇ ತೋರಿಸಲ್ಲ, ಅದನ್ನ ಲೆಕ್ಕಕ್ಕೇ ತಗೋಬೇಡಿ. ಐದಾರು ವಾರ ಕಳೆದ್ರೆ ಅವನಿಗೆ ಯಾವ ಕಡೆ ಓಡೋದು ಇಷ್ಟ, ಮಧ್ಯದಿಂದ ಜನ ನುಗ್ಗಿದ್ರೆ ಏನು ಮಾಡ್ತಾನೆ ಎಲ್ಲಾ ಗೊತ್ತಾಗಿ ಅಲ್ಲಿಗೇ ಹೊಡೀತಾರೆ. ಅದಕ್ಕೆ ಅವನು ತಿರುಗಿ ಏನು ಉತ್ತರ ಕಂಡ್ಕೊಂಡ ಅನ್ನೋದು ಅದೇ ಟೀಮ್ ಎದುರು ಎರಡನೇ ಸಲ ಬಂದಾಗ ಕಾಣುತ್ತೆ, ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ನವೆಂಬರ್ ಡಿಸೆಂಬರ್ ಆಗಿರುತ್ತೆ.

ಅದೂ ಶಾಶ್ವತ ತೀರ್ಪಲ್ಲ ಅನ್ನೋದನ್ನೂ ಸ್ಟ್ರೌಡೇ ತೋರಿಸಿದ. ಮೊದಲ ವರ್ಷ ಐದೇ ಇಂಟರ್‌ಸೆಪ್ಷನ್, ಎರಡನೇ ವರ್ಷ 12, ಸ್ಯಾಕ್ 52ಕ್ಕೆ ಏರಿತು. 2012ರಲ್ಲಿ ವಾಷಿಂಗ್ಟನ್‌ನ ರಾಬರ್ಟ್ ಗ್ರಿಫಿನ್ ಮೊದಲ ಮ್ಯಾಚಿಂದಲೇ ಎಲ್ಲರ ಬಾಯಲ್ಲೂ ಇದ್ದ, 20 ಟಚ್‌ಡೌನ್ ಪಾಸು, ಐದು ಇಂಟರ್‌ಸೆಪ್ಷನ್, ಆಮೇಲೆ ಪ್ಲೇಆಫಲ್ಲಿ ಮೊಣಕಾಲು ಹೋಯ್ತು, ಆ ಓಟ ಮತ್ತೆ ಬರಲಿಲ್ಲ. ಟ್ರಾಯ್ ಐಕ್ಮನ್ 1989ರಲ್ಲಿ ಡಾಲಸ್‌ಗೆ 11 ಮ್ಯಾಚ್ ಶುರು ಮಾಡಿ ಹನ್ನೊಂದೂ ಸೋತ, ಆಮೇಲೆ ಅವನ ಕೈಲೇ ಡಾಲಸ್ ಮೂರು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದಿದ್ದು. ಜಾಶ್ ಆಲನ್ ಮೊದಲ ವರ್ಷ ನೂರಕ್ಕೆ 53 ಪಾಸೂ ಸರಿಯಾಗಿ ಸೇರಿಸ್ತಿರಲಿಲ್ಲ, ಎರಡೇ ವರ್ಷದಲ್ಲಿ 69 ದಾಟಿದ.

ಹಾಗಾದ್ರೆ ಮೊದಲ ವರ್ಷ ನಂಬೋಕೆ ಏನೂ ಸಿಗಲ್ವಾ ಅಂದ್ರೆ, ನನಗೆ ಸಿಕ್ಕಿತ್ತು, ಒಂದು ಸಲ. 2023 ನವೆಂಬರ್ 5, ಟ್ಯಾಂಪಾ ಬೇ ಮೇಲೆ, ಸ್ಟ್ರೌಡ್‌ಗೆ ಅದು ಎಂಟನೇ ಮ್ಯಾಚು. ಆವತ್ತು ನಮ್ಮ ಕಿಕರ್‌ಗೆ ಪೆಟ್ಟಾಗಿ ರನ್ನಿಂಗ್ ಬ್ಯಾಕ್ ಒಬ್ಬ ಫೀಲ್ಡ್ ಗೋಲ್ ಒದ್ದಿದ್ದ, ಅಂಥ ದಿನ. ಟ್ಯಾಂಪಾ ಕೊನೇಲಿ ಟಚ್‌ಡೌನ್ ಹೊಡೆದು 37-33 ಮಾಡಿದ್ರು, ಉಳಿದಿದ್ದು 46 ಸೆಕೆಂಡ್, ಹೋಗ್ಬೇಕಾಗಿದ್ದು 75 ಯಾರ್ಡ್. ಪಕ್ಕದ ಮನೆಯವ್ರೆಲ್ಲ ನಮ್ಮ ಹಾಲಲ್ಲೇ ಇದ್ರು, ಕಾಫಿ ಕಪ್ ಹಿಡ್ಕೊಂಡೋರು ಹಿಡ್ಕೊಂಡ ಹಾಗೇ ನಿಂತಿದ್ರು. ನಾನು ಆವತ್ತು ಬಾಲ್ ನೋಡ್ಲಿಲ್ಲ, ಅವನ ಹೆಲ್ಮೆಟ್ ನೋಡ್ತಿದ್ದೆ. ಗಡಿಯಾರ ಓಡ್ತಿದ್ರೂ ಅದು ಎಡಕ್ಕೆ ತಿರುಗ್ತಿತ್ತು, ಮಧ್ಯಕ್ಕೆ ಬರ್ತಿತ್ತು, ಒಂದ್, ಎರಡ್, ಬಾಲ್ ಹೋಯ್ತು. ಮತ್ತೆ ಒಂದ್, ಎರಡ್, ಹೋಯ್ತು. ಆರು ಸೆಕೆಂಡ್ ಇದ್ದಾಗ ಟ್ಯಾಂಕ್ ಡೆಲ್‌ಗೆ 15 ಯಾರ್ಡ್ ಟಚ್‌ಡೌನ್, 39-37. ಆವತ್ತು ಅವನು ಎಸೆದಿದ್ದು 470 ಯಾರ್ಡ್, ಒಂದು ಮ್ಯಾಚಲ್ಲಿ ರೂಕಿಗಳ ರೆಕಾರ್ಡು, ಆದ್ರೆ ನನ್ನ ನೆನಪಲ್ಲಿ ಇರೋದು ಆ ಹೆಲ್ಮೆಟ್ ತಿರುಗಿದ್ದು.

ಮುಂದಿನ ಸಲ ಚಿಕಾಗೋಗೆ ಹೋದಾಗ ಅಳಿಯಂದ್ರ ಪಕ್ಕ ಕೂತು ಥರ್ಡ್ ಡೌನ್ ಬಂದಾಗೆಲ್ಲ ಜೋರಾಗಿ ಎಣಿಸಿ ಸರ್, ನಾಲ್ಕನೇ ವಾರಕ್ಕೆ ಅವ್ರೂ ನಿಮ್ಮ ಜೊತೆ ಎಣಿಸ್ತಿರ್ತಾರೆ.