ಸ್ಟೇನ್‌ಲೆಸ್ ಕೋವಿಯ ಮೇಲೆ ಬಳ್ಳಿ ಕೆತ್ತುವ ಮುನ್ನ

ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಬಿಡಿಸುವ ಬಳ್ಳಿ ನೋಡಿದವರಿಗೆ, ಇದನ್ನೇ ಉಕ್ಕಿನ ಮೇಲೆ ತಂದರೆ ಹೇಗಿರುತ್ತೆ ಅಂತ ಆಸೆ ಆಗುವುದು ಸಹಜ. ತರಬಹುದು. ಆದರೆ ಸ್ಟೇನ್‌ಲೆಸ್ ಮೇಲೆ ಯಾವ ಚಿತ್ತಾರ ಚೆನ್ನಾಗಿ ಕೂರುತ್ತದೆ ಅನ್ನುವುದನ್ನು ನಮ್ಮ ಆಸೆಗಿಂತ ಹೆಚ್ಚಾಗಿ ಆ ಲೋಹವೇ ತೀರ್ಮಾನ ಮಾಡುತ್ತದೆ. ಈ ಟಿಪ್ಪಣಿ ಅದರ ಬಗ್ಗೆಯೇ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ರಿಪೇರಿ ಕೆಲಸ ಮಾಡಲೂ ಲೈಸೆನ್ಸ್ ಬೇಕು. ಕೋವಿಯ ಮೇಲಿನ ನಂಬರು, ಗುರುತು ಅಳಿಸುವುದು, ತಿದ್ದುವುದು ಅಪರಾಧ. ಪಕ್ಕದ ಮನೆಯವರು ಹಂದಿ ಕಾಟಕ್ಕೆ ಇಟ್ಟುಕೊಂಡ ತೋಟದ ಕೋವಿ ತಂದು ಅದರ ಮೇಲೆ ಕೈ ಪಳಗಿಸುವ ಯೋಚನೆ ಬೇಡ. ಕಲಿಕೆ ಪೂರ್ತಿ ಅಭ್ಯಾಸಕ್ಕೆಂದೇ ತಂದ ಉಕ್ಕಿನ ಪ್ಲೇಟಿನ ಮೇಲೆಯೇ ಆಗಲಿ. ಅದರಿಂದ ಏನೂ ನಷ್ಟವಿಲ್ಲ, ಕೋವಿಗೂ ಪ್ಲೇಟಿಗೂ ಉಕ್ಕು ಒಂದೇ ಜಾತಿಯದಾದರೆ ಉಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸ್ಟೇನ್‌ಲೆಸ್ ಉಕ್ಕಿಗೂ ಕೋವಿಗೂ ನಂಟು ಹಳೆಯದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಹುಡುಕುತ್ತಿದ್ದದ್ದು ರೈಫಲ್ ನಳಿಗೆ ಒಳಗೆ ಸವೆಯದಂಥ ಉಕ್ಕನ್ನು. 1913ರಲ್ಲಿ ಸಿಕ್ಕಿದ್ದು ಕ್ರೋಮಿಯಂ ಜಾಸ್ತಿ ಇದ್ದ, ತುಕ್ಕು ಹಿಡಿಯದ ಉಕ್ಕು. ಅದು ಮೊದಲು ಹೋದದ್ದು ಊಟದ ಚಾಕುವಿಗೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಸ್ಟೇನ್‌ಲೆಸ್ ರಿವಾಲ್ವರ್, ಮಾಡೆಲ್ 60, ಬಂದದ್ದು 1965ರಲ್ಲಿ.

ಈಗ ಪ್ಲೇಟ್ ಆರಿಸುವ ವಿಷಯ. ಇಲ್ಲಿ ಕಲಿಯುವವರು ಬಹಳ ಬೇಗ ಬೇಸರ ಪಡುತ್ತಾರೆ, ಕಾರಣ ತಪ್ಪು ಉಕ್ಕು. ಪಾತ್ರೆಗೆ ಬಳಸುವ ಸ್ಟೀಲ್‌ಗಳಲ್ಲಿ ಒಂದು 304 ದರ್ಜೆಯದು. ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಉಳಿಗೆ ಅಂಟಿಕೊಳ್ಳುತ್ತದೆ, ಉಜ್ಜಿದಷ್ಟೂ ಗಡುಸಾಗುತ್ತದೆ. ಕೋವಿಯ ಸ್ಟೇನ್‌ಲೆಸ್ ನಳಿಗೆಗೆ ಹೆಚ್ಚಾಗಿ ಬಳಸುವುದು 416 ದರ್ಜೆ. ಅದರಲ್ಲಿ 12ರಿಂದ 14 ಭಾಗ ಕ್ರೋಮಿಯಂ, ಜೊತೆಗೆ ಬೇಕೆಂದೇ ಸೇರಿಸಿದ ಸ್ವಲ್ಪ ಗಂಧಕ. ಗಂಧಕ ಇರುವುದರಿಂದ ಕೆತ್ತುವಾಗ ಏಳುವ ಚೂರು ಚಿಕ್ಕದಾಗಿ ಮುರಿದು ಬೀಳುತ್ತದೆ, ಉಳಿ ಸಲೀಸಾಗಿ ಸಾಗುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ಅಯಸ್ಕಾಂತ ಸಾಕು. 416 ಗಟ್ಟಿಯಾಗಿ ಹಿಡಿಯುತ್ತದೆ. 304 ಹಿಡಿಯುವುದೇ ಇಲ್ಲ, ಇಲ್ಲವೇ ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಎಳೆಯುತ್ತದೆ. ಅಂಗಡಿಗೆ ಹೋಗುವಾಗ ಅಯಸ್ಕಾಂತ ಜೇಬಿನಲ್ಲಿರಲಿ.

ಇನ್ನು ಉಳಿ. ಈ ಕೆಲಸದವರು ಇದನ್ನು ಗ್ರೇವರ್ ಅನ್ನುತ್ತಾರೆ. ಹಿತ್ತಾಳೆ, ಬೆಳ್ಳಿಗೆ ಮುಖದ ಕೋನ 45 ಡಿಗ್ರಿ ಇದ್ದರೆ ನಡೆಯುತ್ತದೆ. ಸ್ಟೇನ್‌ಲೆಸ್‌ಗೆ 50–55 ಡಿಗ್ರಿ ಕೊಡಿ, ತುದಿಗೆ ಬಲ ಬರುತ್ತದೆ. ಗ್ರೇವರ್ ಎರಡು ಬಗೆಯ ವಸ್ತುವಿನಲ್ಲಿ ಸಿಗುತ್ತದೆ. ಕಾರ್ಬೈಡ್ ಗಡುಸು, ಹರಿತ ಬಹಳ ಹೊತ್ತು ಉಳಿಯುತ್ತದೆ, ಆದರೆ ಪಕ್ಕಕ್ಕೆ ವಾಲಿಸಿದರೆ ತುದಿ ಚಟ್ ಅಂತ ಹೋಗುತ್ತದೆ. ಹೈಸ್ಪೀಡ್ ಸ್ಟೀಲ್ ಬೇಗ ಮೊಂಡಾಗುತ್ತದೆ, ಮುರಿಯುವುದು ಕಡಿಮೆ. ಸುತ್ತಿಗೆಯಿಂದ ತಟ್ಟಿ ಕೆತ್ತುವ ಹೊಸಬರಿಗೆ ಎರಡನೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ತುದಿಯ ಅಡಿಭಾಗದಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ, ಅದನ್ನು ಹಿಮ್ಮಡಿ ಅನ್ನೋಣ. ಗ್ರೇವರ್ ಲೋಹದೊಳಗೆ ಹೂತು ಹೋಗದಂತೆ ಎತ್ತಿ ಹಿಡಿಯುವುದು ಅದೇ. ಅದು ಉದ್ದವಾದರೆ ತಿರುವಿನಲ್ಲಿ ಗೆರೆಯ ಹೊರ ಅಂಚನ್ನು ಉಜ್ಜುತ್ತದೆ. ಹಾಗಾಗಿ ಚಿಕ್ಕದಾಗಿರಬೇಕು, ಕನ್ನಡಿಯಂತೆ ಹೊಳೆಯಬೇಕು. ಹಿಮ್ಮಡಿಯ ಹೊಳಪೇ ಗೆರೆಯ ಹೊಳಪು.

ಒಂದು ಗೆರೆ ಎಳೆಯುವಾಗ ಚೂರನ್ನೇ ನೋಡುತ್ತಿರಿ. ತುದಿ ಸರಿಯಿದ್ದರೆ ಚೂರು ಸುರುಳಿಯಾಗಿ ಮೇಲೇಳುತ್ತದೆ, ಹಿಂದೆ ಉಳಿದ ಗೆರೆಯ ಗೋಡೆ ಫಳಫಳ ಅನ್ನುತ್ತದೆ. ಇದ್ದಕ್ಕಿದ್ದಂತೆ ಗೋಡೆಯ ಮೇಲೆ ಬೂದು ಬಣ್ಣದ ಸಣ್ಣ ಗೀರು ಕಂಡಿತು ಅಂದರೆ ತುದಿ ಹೋಯಿತು ಅಂತಲೇ ಅರ್ಥ, ಕಣ್ಣಿಗೆ ಕಾಣದಿದ್ದರೂ. ಮೆಟ್ಟುಗತ್ತಿ ಮೊಂಡಾದರೆ ಅಡಿಕೆ ಸಿಪ್ಪೆ ಸುಲಿಯುವ ಬದಲು ಜಜ್ಜುತ್ತದಲ್ವಾ, ಹಾಗೆ ಇಲ್ಲೂ ಲೋಹ ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದ ಜಾಗ ಇನ್ನೂ ಗಡುಸಾಗುತ್ತದೆ. ಅದರ ಮೇಲೆ ಮತ್ತೆ ಒತ್ತಿದರೆ ತುದಿ ಮತ್ತೆ ಮುರಿಯುತ್ತದೆ. ಆ ಕ್ಷಣವೇ ನಿಲ್ಲಿಸಿ ಸಾಣೆ ಹಿಡಿಯಿರಿ. ಹೊಸ ತುದಿಯನ್ನು ಗಡುಸಾದ ಪದರದ ಕೆಳಗಿನಿಂದ ಹಾಯಿಸಿ.

ಚಿತ್ತಾರಕ್ಕೂ ಇದೇ ದಾರಿ ತೋರಿಸುತ್ತದೆ. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯಬೇಕಾದ, ನೂರಾರು ಕಡೆ ನಿಲ್ಲಿಸಿ ಶುರು ಮಾಡಬೇಕಾದ ಕೆಲಸ ಕಲಿಯುವವರಿಗೆ ಕಷ್ಟ. ಹಳೆಯ ಇಂಗ್ಲಿಷ್ ಬೇಟೆ ಕೋವಿಗಳ ಮೇಲಿನ ಗುಲಾಬಿ ಮತ್ತು ಪುಟ್ಟ ಪುಟ್ಟ ಸುರುಳಿಗಳು ಅಂಥವು. ಕೆಳದಿಯ ದೇವಸ್ಥಾನದ ಗಂಡಭೇರುಂಡವೂ ಅಷ್ಟೇ, ಗರಿ ಬಿಡಿಸಲು ಹೊರಟರೆ ಸಣ್ಣ ಗೆರೆಗಳಿಗೆ ಕೊನೆಯೇ ಇಲ್ಲ. ಅದಕ್ಕೇ ನಾನು ಗುಡಿಗಾರರ ಬಳ್ಳಿಯ ಕಡೆ ವಾಲುತ್ತೇನೆ. ದಪ್ಪ ಕಾಂಡ, ಅಗಲ ಎಲೆ, ಉದ್ದ ತಿರುವು. ಮೊದಲು ಕಾಂಡದ ಸುರುಳಿಯನ್ನು ಒಂದೇ ಉಸಿರಿಗೆ ಅನ್ನುವ ಹಾಗೆ ಎಳೆಯಿರಿ. ಗ್ರೇವರ್ ಹಿಡಿದ ಕೈ ಇದ್ದಲ್ಲೇ ಇರಲಿ, ತಿರುಗಬೇಕಾದದ್ದು ಪ್ಲೇಟನ್ನು ಕಚ್ಚಿ ಹಿಡಿದಿರುವ ವೈಸ್. ಎಲೆ ಆಮೇಲೆ. ನೆರಳಿನ ಗೆರೆ ಎಲ್ಲಕ್ಕಿಂತ ಕೊನೆಗೆ, ಅದೂ ಕಡಿಮೆ.

ಸಾದಾ ಉಕ್ಕಿನ ಕೋವಿಗೆ ಹಾಕುವ ನೀಲಿಗಪ್ಪು ಬಣ್ಣ ಸ್ಟೇನ್‌ಲೆಸ್‌ಗೆ ಹತ್ತುವುದಿಲ್ಲ. ಆ ಬಣ್ಣ ಕಬ್ಬಿಣದ ಆಕ್ಸೈಡ್, ಸ್ಟೇನ್‌ಲೆಸ್ ಮೈಮೇಲೆ ತಾನಾಗಿ ಕೂಡುವ ಕ್ರೋಮಿಯಂ ಆಕ್ಸೈಡ್ ಪದರ ಅದನ್ನು ತಡೆಯುತ್ತದೆ. ಹಾಗಾಗಿ ಬಳ್ಳಿ ಎದ್ದು ಕಾಣಬೇಕಾದರೆ ಹಿನ್ನೆಲೆಯನ್ನು ಸ್ವಲ್ಪ ತಗ್ಗಿಸಿ, ಒತ್ತೊತ್ತಾಗಿ ಚುಕ್ಕೆ ಹೊಡೆದು, ಕಪ್ಪು ಎನಾಮಲ್ ತುಂಬಿ ಒರೆಸಬೇಕು. ಇಂಥ ಆಳದ ಕೆಲಸ ಕೋವಿಯ ಪಕ್ಕದ ತಗಡಿನಂಥ ಒತ್ತಡ ಬೀಳದ ಭಾಗಕ್ಕೆ ಮಾತ್ರ. ನಳಿಗೆಯ ಗೋಡೆ ಗುಂಡಿನ ಒತ್ತಡ ತಡೆಯುವ ಜಾಗ, ಅದನ್ನು ತೆಳ್ಳಗೆ ಮಾಡಬಾರದು.

ಕೊನೆಗೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಸುರಿಯುತ್ತದೆ. ಸ್ಟೇನ್‌ಲೆಸ್ ಅಲ್ವಾ, ಏನಾಗುತ್ತೆ ಅಂತ ಸುಮ್ನೆ ಬಿಡುವಂತಿಲ್ಲ. ಕೆತ್ತಲು ಸುಲಭ ಮಾಡಿದ ಅದೇ ಗಂಧಕ 416ರ ತುಕ್ಕು ತಡೆಯುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಕೆತ್ತಿದ ಗೆರೆಯ ಮೇಲೆ ಕ್ರೋಮಿಯಂ ಪದರ ಗಾಳಿ ತಾಗಿದೊಡನೆ ತಾನಾಗಿ ಕೂಡುತ್ತದೆ ನಿಜ, ಆದರೆ ಸಾದಾ ಕಬ್ಬಿಣದ ಬ್ರಷ್‌ನಿಂದ ಉಜ್ಜಿದ್ದರೆ ಅದರ ಧೂಳು ಗೆರೆಯಲ್ಲಿ ಕೂತು ಕೆಂಪು ಚುಕ್ಕೆ ಏಳಿಸುತ್ತದೆ. ನೈಲಾನ್ ಬ್ರಷ್ ಬಳಸಿ. ಜೂನ್‌ಗೆ ಮೊದಲು ಅಭ್ಯಾಸದ ಪ್ಲೇಟುಗಳಿಗೂ ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿಡಿ.