ಕನ್ನಡಿಯಂಥ ನೀರು, ಸಾಯುವ ಮೀನು

ಹೊಸದಾಗಿ ಅಕ್ವೇರಿಯಂ ಇಟ್ಟ ಮನೆಯಿಂದ ಮೊದಲ ಕರೆ ಸಾಮಾನ್ಯವಾಗಿ ನಾಲ್ಕನೆಯ ದಿನದಿಂದ ಹತ್ತನೆಯ ದಿನದೊಳಗೆ ಬರುತ್ತದೆ. ‘ನೀರ ಕನ್ನಡಿ ಹಂಗ ಅದಾವ್ರೀ, ಮೀನ ಯಾಕ ಸಾಯಾಕತ್ತಾವ?’ ವಿಜಯಪುರದಲ್ಲಿ ತೊಟ್ಟಿಗಳನ್ನು ಹೊಂದಿಸಿಕೊಡುವ, ನೋಡಿಕೊಳ್ಳುವ ಕೆಲಸದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ ಮೇಲೆ, ಮೀನಿನ ಲಕ್ಷಣಗಳನ್ನು ವಿಚಾರಿಸುವ ಮೊದಲು ನಾನು ಎರಡು ಸಂಗತಿಗಳನ್ನು ತಿಳಿದುಕೊಳ್ಳುತ್ತೇನೆ: ತೊಟ್ಟಿಗೆ ನೀರು ತುಂಬಿ ಎಷ್ಟು ದಿನವಾಯಿತು, ಆ ನೀರು ನಳದ್ದೋ ಬೋರಿನದೋ ಕ್ಯಾನಿನದೋ. ಬಹಳಷ್ಟು ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಕರಗಿದ ಅದು ಕಣ್ಣಿಗೆ ಕಾಣದು, ತೊಟ್ಟಿಯಲ್ಲಿರುವಷ್ಟು ಪ್ರಮಾಣದಲ್ಲಿ ಮೂಗಿಗೂ ತಿಳಿಯದು. ಹಳೆಯ ತೊಟ್ಟಿಗಳಲ್ಲಿ ಫಿಲ್ಟರಿನ ಸ್ಪಂಜಿನ ಮೇಲೂ ತಳದ ಹರಳುಗಳ ಮೇಲೂ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಬಹಳ ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಎರಡು ಅಡಿ ಉದ್ದದ, ಸುಮಾರು 50 ಲೀಟರ್ ನೀರು ಹಿಡಿಯುವ ತೊಟ್ಟಿಗೆ ಮೊದಲ ದಿನವೇ ಆರು ಗೋಲ್ಡ್‌ಫಿಶ್ ಬಿಟ್ಟರೆ, ಅವುಗಳ ಹೊಲಸನ್ನು ತೆಗೆಯುವವರು ಇನ್ನೂ ಹುಟ್ಟಿರುವುದಿಲ್ಲ. ಅಷ್ಟು ಚಿಕ್ಕ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಒಂದನ್ನೂ ಬಿಡಬಾರದೆಂಬುದು ನನ್ನ ಅಭಿಪ್ರಾಯ, ಆದರೆ ಕೊಳ್ಳಲು ಬರುವ ಮಕ್ಕಳ ಬೆರಳು ಮೊದಲು ತೋರಿಸುವುದು ಅದನ್ನೇ.

ಇಷ್ಟು ಎಲ್ಲ ಊರುಗಳಿಗೂ ಒಂದೇ. ನಮ್ಮ ಭಾಗದ ತೊಂದರೆ ಇದರ ಮೇಲೆ ಕೂಡುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಎಂಬ ರೂಪ ಮೀನಿಗೆ ಅಷ್ಟಾಗಿ ಬಾಧಿಸದು, ಅಮೋನಿಯಾ ಎಂಬ ರೂಪವೇ ಕಿವಿರುಗಳನ್ನು ಸುಡುವ ವಿಷ. ಯಾವುದು ಎಷ್ಟಿರಬೇಕೆಂಬುದನ್ನು ನೀರಿನ ಪಿಎಚ್ (ಹುಳಿ-ಕ್ಷಾರಗಳ ಅಳತೆ; ಅಂಕಿ ಇಳಿದಷ್ಟೂ ನೀರು ಹುಳಿ) ಮತ್ತು ಉಷ್ಣತೆ ನಿರ್ಧರಿಸುತ್ತವೆ; ಎರಡೂ ಏರಿದಷ್ಟು ವಿಷರೂಪ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8 ಆದರೆ ಅದು ಸುಮಾರು ಐದು ಪಾಲು, 8.5 ಆದರೆ ಸುಮಾರು ಹದಿನೈದು ಪಾಲು. ಕಪ್ಪು ಬಸಾಲ್ಟ್ ಬಂಡೆಯ ನಡುವಿನಿಂದ ಬರುವ ನಮ್ಮ ಬೋರಿನ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟುಗಳನ್ನು ಹೊತ್ತು ತರುವ ಗಡಸು ನೀರು. ಮೇಲೆ ಬಂದ ಕ್ಷಣದಲ್ಲಿ ಅದರ ಪಿಎಚ್ ಕಡಿಮೆಯೇ ತೋರಬಹುದು, ಆದರೆ ಒಂದು ದಿನ ಗಾಳಿಯಾಡಿ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋದೊಡನೆ 8ನ್ನು ದಾಟುತ್ತದೆ. ಆದ್ದರಿಂದ ಬೋರಿನ ನೀರನ್ನು ಪರೀಕ್ಷಿಸುವವರು ಬಕೆಟಿನಲ್ಲಿ ಒಂದು ದಿನ ಗಾಳಿ ಕೊಟ್ಟ ಮೇಲೆಯೇ ಪರೀಕ್ಷಿಸಬೇಕು. ಮಲೆನಾಡಿನ ಮೆದುನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವಷ್ಟು ಅಮೋನಿಯಾ ಏಪ್ರಿಲ್ ತಿಂಗಳಿನ ವಿಜಯಪುರದಲ್ಲಿ ಅದನ್ನು ಕೊಲ್ಲಬಲ್ಲದು.

ಹಾಗೆಂದು ಬೋರಿನ ನೀರನ್ನು ದೂರಿ ಪ್ರಯೋಜನವಿಲ್ಲ. ನಿವೃತ್ತ ಮಾಸ್ತರರೊಬ್ಬರು ಸವಳು ನೀರು ಬೇಡವೆಂದು ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತರಿಸಿ ತೊಟ್ಟಿ ತುಂಬುತ್ತಿದ್ದರು. ‘ನಾವ ಕುಡಿಯೂ ನೀರನ್ನ ಹಾಕೀನ್ರಿ’ ಎಂಬುದು ಅವರ ಸಮಾಧಾನ. ಎರಡು ತಿಂಗಳ ಮೇಲೆ ಮೀನುಗಳು ಮಂಕಾದವು. ಅವರು ಅರ್ಧ ನೀರು ತೆಗೆದು, ಅಂದು ಕ್ಯಾನು ಬಾರದ ಕಾರಣ ಬೋರಿನ ನೀರು ತುಂಬಿದರು. ಬೆಳಗಾಗುವಷ್ಟರಲ್ಲಿ ಎಲ್ಲವೂ ಸತ್ತಿದ್ದವು. ಗಿಡಗಳಿಗೆಂದು ಅವರು ಬಕೆಟಿನಲ್ಲಿ ಎತ್ತಿಟ್ಟಿದ್ದ ಹಳೆಯ ನೀರನ್ನು ನಾನು ಪರೀಕ್ಷಿಸಿದಾಗ ಪಿಎಚ್ 6ರ ಆಸುಪಾಸಿನಲ್ಲಿತ್ತು, ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ, ಬೈಕಾರ್ಬೊನೇಟ್ ಅದನ್ನು ಹೀರಿಕೊಂಡು ತಾನೇ ಖರ್ಚಾಗುತ್ತದೆ. ಲವಣಗಳನ್ನು ಸೋಸಿ ತೆಗೆಯುವ ಆರ್‌ಓ ಯಂತ್ರದಿಂದ ಬಂದ ಕ್ಯಾನಿನ ನೀರಿನಲ್ಲಿ ಅದು ಹೆಸರಿಗಷ್ಟೇ ಇರುವುದರಿಂದ ಬೇಗ ಮುಗಿದು, ಪಿಎಚ್ ಕುಸಿದು, ಬ್ಯಾಕ್ಟೀರಿಯಾಗಳ ಕೆಲಸ ನಿಂತುಹೋಗಿತ್ತು. ಕೂಡಿಬಿದ್ದ ಅಮೋನಿಯಾ ಆ ಹುಳಿ ನೀರಿನಲ್ಲಿ ಅಮೋನಿಯಂ ಆಗಿ ಸುಮ್ಮನಿತ್ತು. ಬೋರಿನ ನೀರು ಸೇರಿ ಪಿಎಚ್ ಒಮ್ಮೆಗೇ ಏರಿದಾಗ ಅದೇ ವಿಷವಾಯಿತು. ಮಾಸ್ತರರು ಬೋರಿನ ನೀರನ್ನು ಶಪಿಸಿದರು. ಇಂಥ ತೊಟ್ಟಿಯಲ್ಲಿ ದಿನಕ್ಕೆ ಹತ್ತನೆಯ ಒಂದು ಪಾಲಿನಂತೆ, ಆಹಾರ ನಿಲ್ಲಿಸಿ, ವಾರಕ್ಕೂ ಮಿಕ್ಕಿ ನಿಧಾನವಾಗಿ ನೀರು ಬದಲಿಸಬೇಕಾಗಿತ್ತು.

ಹೊಸ ತೊಟ್ಟಿಯಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಮೊದಲು ಎರಡು ದಿನ ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ಜೋರು ಮಾಡಿ, ದಿನಕ್ಕೆ ಕಾಲು ಪಾಲು ನೀರನ್ನು ಅದೇ ಉಷ್ಣತೆಯ, ಅದೇ ಮೂಲದ ನೀರಿನಿಂದ ಬದಲಿಸಬೇಕು. ನಳದ ನೀರಾದರೆ ಕ್ಲೋರಿನ್ ಹೋಗಲು ತೆರೆದ ಬಕೆಟಿನಲ್ಲಿ ಗಾಳಿ ಕೊಟ್ಟು ಒಂದು ದಿನ ಇಡಬೇಕು; ಅವಸರವಿದ್ದರೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳಿನ ದ್ರಾವಣ ಸಾಕು. ಪರೀಕ್ಷೆಯಲ್ಲಿ ನೈಟ್ರೈಟ್ ಕಂಡರೆ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕುವುದುಂಟು, ಏಕೆಂದರೆ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ಬರುತ್ತದೆ. ಮಾಡಲೇಬಾರದ ಕೆಲಸವೆಂದರೆ ರವಿವಾರದ ಮಹಾಸ್ವಚ್ಛತೆ: ಎಲ್ಲ ನೀರನ್ನೂ ಚೆಲ್ಲಿ, ಹರಳು ತೊಳೆದು, ಸ್ಪಂಜನ್ನು ನಳದ ಕೆಳಗೆ ಹಿಂಡುವುದು. ಆಗಷ್ಟೇ ಬೆಳೆಯತೊಡಗಿದ್ದ ಬ್ಯಾಕ್ಟೀರಿಯಾ ಅಲ್ಲಿಗೆ ಮುಗಿದು ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯಬೇಕು. ಪರಿಚಯದವರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿಯಿದ್ದರೆ ಅದರ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿ ಇಡುವುದು, ಹಾಲಿಗೆ ಹೆಪ್ಪು ಹಾಕಿದಂತೆ, ಬಾಟಲಿಯಲ್ಲಿ ಮಾರುವ ಅನೇಕ ದ್ರಾವಣಗಳಿಗಿಂತ ನಂಬಿಕೆಯ ಉಪಾಯ.

ಮೊದಲ ವಾರದ ಹಾಲಿನಂಥ ಮಸುಕಿಗೆ ಔಷಧ ಬೇಡ, ತಾನಾಗಿ ತಿಳಿಯಾಗುತ್ತದೆ. ಹಸಿರಾದರೆ ಕಿಟಕಿಯ ಬಿಸಿಲನ್ನು ತಪ್ಪಿಸಬೇಕು.

ಕಲ್ಲುಗಳ ವಿಷಯದಲ್ಲಿ ಒಂದು ಮಾತು. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್, ನಮ್ಮ ಕರಿಕಲ್ಲು ನೀರಿನ ಗುಣವನ್ನು ಕೆಡಿಸುವುದಿಲ್ಲ. ಬಾಗಲಕೋಟೆಯ ಕಡೆ ಹೇರಳವಾಗಿರುವ ಸುಣ್ಣದ ಕಲ್ಲು ಮತ್ತು ಅಲಂಕಾರದ ಬಿಳಿ ಅಮೃತಶಿಲೆಯ ಚೂರುಗಳು ಮೊದಲೇ ಗಡಸಾದ ನೀರಿಗೆ ಬೇಡ. ಕಲ್ಲಿನ ಮೇಲೆ ಲಿಂಬೆರಸ ಹಿಂಡಿದಾಗ ಗುಳ್ಳೆ ಎದ್ದರೆ ಅದು ಸುಣ್ಣದ ಜಾತಿಯದು.

ಬೇಸಿಗೆಯ ಒಣಗಾಳಿಗೆ ತೊಟ್ಟಿಯ ನೀರು ಬೇಗ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಇಳಿದಷ್ಟನ್ನೂ ಬೋರಿನ ನೀರಿನಿಂದಲೇ ತುಂಬುತ್ತ ಹೋದರೆ ಗಡಸು ವಾರದಿಂದ ವಾರಕ್ಕೆ ಏರಿ, ಗಾಜಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕ್ಯಾನಿನ ನೀರಿನ ನಿಜವಾದ ಉಪಯೋಗ ಇಲ್ಲಿದೆ: ಆವಿಯಾದಷ್ಟನ್ನು ತುಂಬಲು ಅದು, ವಾರಕ್ಕೊಮ್ಮೆ ಕಾಲು ಪಾಲು ಬದಲಿಸಲು ಬೋರಿನದು. ಮಾಸ್ತರರ ತೊಟ್ಟಿಯಲ್ಲಿ ಈಗ ಗಡಸು ನೀರಿಗೇ ಒಗ್ಗುವ ಮೋಲಿ ಮೀನುಗಳಿವೆ. ಅವರ ಮನೆಗೆ ಕ್ಯಾನು ಬರುವುದು ನಿಂತಿಲ್ಲ, ಆದರೆ ಅದರಿಂದ ತೊಟ್ಟಿಗೆ ಹೋಗುವುದು ದಿನಕ್ಕೆ ಒಂದು ತಂಬಿಗೆ ಮಾತ್ರ.