ಗೇರ್ ಏರಿಸೋದು ಎಲ್ಲರಿಗೂ ಗೊತ್ತು, ಇಳಿಸೋದು?

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಗ್ಯಾರೇಜಿಗೆ ಬಂದಿದ್ದರು. 1.2 ಲೀಟರಿನ ಪೆಟ್ರೋಲ್ ಕಾರು, ಐದು ಗೇರಿನದು. "ಏರು ಬಂದ್ರೆ ಗಾಡಿ ಎಳೆಯೋದೇ ಇಲ್ಲಪ್ಪ. ಕ್ಲಚ್ ಪ್ಲೇಟ್ ಹೋಗಿದೆ ಅಂತ ಯಾರೋ ಹೇಳಿದ್ರು, ಹಾಕಿಬಿಡು" ಎಂದರು.

ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ತುಳಿದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಟ್ಟೆ. ಇಂಜಿನ್ ಗಕ್ಕನೆ ನಿಂತಿತು. ಪ್ಲೇಟ್ ಸವೆದು ಜಾರುತ್ತಿದ್ದರೆ ಅದು ಹಾಗೆ ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ. ಅಂದರೆ ಪ್ಲೇಟ್ ಚೆನ್ನಾಗಿಯೇ ಇದೆ.

"ನೀವೇ ಓಡಿಸಿ ಮೇಷ್ಟ್ರೇ, ನಾನು ಪಕ್ಕದಲ್ಲಿ ಕೂರ್ತೀನಿ" ಎಂದೆ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಸರಿಯಾಗಿಯೇ ಹಾಕಿದರು. ರೈಲ್ವೆ ಮೇಲ್ಸೇತುವೆ ಹತ್ತುವಾಗ ಮುಂದೆ ಅಡಿಕೆ ಗೊನೆ ತುಂಬಿದ ಟ್ರ್ಯಾಕ್ಟರ್ ಸಿಕ್ಕಿತು. ವೇಗ 50ರಿಂದ 30ಕ್ಕೆ ಬಂತು, ಗೇರ್ ಮಾತ್ರ ನಾಲ್ಕರಲ್ಲೇ ಉಳಿಯಿತು. ಮೇಷ್ಟ್ರು ಆಕ್ಸಿಲರೇಟರ್ ಒತ್ತುತ್ತಿದ್ದಾರೆ, ಇಂಜಿನ್ ಗೊರಗೊರ ಅನ್ನುತ್ತಿದೆ, ಗೇರ್ ಲಿವರ್ ಅದುರುತ್ತಿದೆ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಗಣಪತಿಯೂ ನಡುಗುತ್ತಿದ್ದಾನೆ. "ನೋಡಿದ್ಯಾ, ಎಳೀತಾ ಇಲ್ಲ" ಎಂದರು. "ಎರಡಕ್ಕೆ ಹಾಕಿ" ಎಂದೆ. ಹಾಕಿದರು. ಗಾಡಿ ಸರ್ರನೆ ಎದ್ದಿತು.

ಇದು ಮೇಷ್ಟ್ರೊಬ್ಬರ ಕಥೆ ಅಲ್ಲ. ವಾರಕ್ಕೆ ಒಬ್ಬರಾದರೂ ಹೀಗೆ ಬರುತ್ತಾರೆ. ಗೇರ್ ಮೇಲಕ್ಕೆ ಏರಿಸೋದನ್ನು ಎಲ್ಲರೂ ಕಲಿತಿರುತ್ತಾರೆ, ಬೇಗ ಟಾಪ್ ಗೇರ್ ಹಾಕಿದಷ್ಟೂ ಮೈಲೇಜ್ ಜಾಸ್ತಿ ಅಂತ ಯಾರೋ ತಲೆಗೆ ತುಂಬಿರುತ್ತಾರೆ, ಆದರೆ ಇಳಿಸಬೇಕಾದಾಗ ಕೈಯೇ ಏಳುವುದಿಲ್ಲ.

ಲೆಕ್ಕ ಬೇಕು ಅನ್ನುವವರಿಗೆ ಹೇಳಿಬಿಡುತ್ತೇನೆ. ಇಂಥ ಪೆಟ್ರೋಲ್ ಕಾರಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, 15ರಿಂದ 20ಕ್ಕೆ ಎರಡು, 30ರ ಹತ್ತಿರ ಮೂರು, 45ಕ್ಕೆ ನಾಲ್ಕು, 60ಕ್ಕೆ ಐದು. ಆರ್‌ಪಿಎಂ ಮುಳ್ಳು, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳು, ನೋಡುವವರಾದರೆ 2000ದಿಂದ 2500ರ ನಡುವೆ ಗೇರ್ ಬದಲಿಸಿದರೆ ಸಾಕು. ಟರ್ಬೊ ಡೀಸೆಲ್ ಆದರೆ 2000ದ ಆಸುಪಾಸು, ಆದರೆ ಅದನ್ನು 1500ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಅಲ್ಲಿ ಇನ್ನೂ ಎದ್ದೇ ಇರುವುದಿಲ್ಲ, ಒತ್ತಿದರೂ ಗಾಡಿ ಸುಮ್ಮನೆ ಇರುತ್ತದೆ.

ಆದರೆ ಈ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ. ಒಬ್ಬರೇ ಹೋಗುವಾಗ 30ರಲ್ಲಿ ಮೂರು ಸರಿ. ಅದೇ ಕಾರಿಗೆ ಐದು ಜನ ತುಂಬಿ, ಡಿಕ್ಕಿಯಲ್ಲಿ ಮದುವೆಯ ಸಾಮಾನು ಹಾಕಿ, ಏಸಿ ಹಚ್ಚಿ ಏರು ಹತ್ತಿಸಿದರೆ 30ರಲ್ಲಿ ಎರಡೇ ಬೇಕು. ಗೇರ್ ನೋಡುವುದು ಬರೀ ವೇಗವನ್ನಲ್ಲ, ಇಂಜಿನ್ ಮೇಲೆ ಬಿದ್ದಿರುವ ಭಾರವನ್ನೂ ನೋಡುತ್ತದೆ.

ಮೇಲ್ಸೇತುವೆ ಮೇಲೆ ಆಗಿದ್ದು ಇಷ್ಟೇ. ನಾಲ್ಕನೇ ಗೇರಿನಲ್ಲಿ 30 ಹೋಗುವಾಗ ಆ ಇಂಜಿನ್ ನಿಮಿಷಕ್ಕೆ 1100 ಸುತ್ತು ತಿರುಗುತ್ತಿತ್ತು. ನಿಂತಲ್ಲೇ ಐಡಲ್‌ನಲ್ಲಿ 700, 800 ತಿರುಗುವ ಇಂಜಿನ್ ಅದು. ಅಷ್ಟು ಕಡಿಮೆ ಸುತ್ತಿನಲ್ಲಿ ಅದಕ್ಕೆ ಎಳೆಯುವ ಕಸುವು ಇರುವುದಿಲ್ಲ. ಎಷ್ಟು ರೇಸ್ ಕೊಟ್ಟರೂ ಪಿಸ್ಟನ್ ಮೇಲೆ, ಬೇರಿಂಗ್ ಮೇಲೆ ಗುದ್ದು ಬೀಳುತ್ತದೆಯೇ ಹೊರತು ಚಕ್ರಕ್ಕೆ ಬಲ ಹೋಗುವುದಿಲ್ಲ. ಎರಡನೇ ಗೇರಿನಲ್ಲಿ ಅದೇ 30ಕ್ಕೆ 2200ರ ಮೇಲೆ ತಿರುಗುತ್ತದೆ. ಸದ್ದು ಜಾಸ್ತಿ, ನಿಜ. ಆದರೆ ಇಂಜಿನ್ನಿಗೆ ಹಿತವಾದ ಸದ್ದು ಅದು. ನಮ್ಮ ಜನ ಈ ಸದ್ದಿಗೇ ಹೆದರುತ್ತಾರೆ. ಗೊರಗೊರ ಅನ್ನುವುದಕ್ಕೆ ಹೆದರಬೇಕು, ಅದಕ್ಕೆ ಹೆದರುವುದಿಲ್ಲ.

ಮೇಷ್ಟ್ರಿಗೆ ನಾನು ಕೊಟ್ಟ ಲೆಕ್ಕ ಸುಲಭದ್ದು: ಗಣಪತಿ ನಡುಗಿದರೆ ಗೇರ್ ಇಳಿಸಿ.

ಇಳಿಸುವಾಗ ಒಂದೊಂದೇ ಮೆಟ್ಟಿಲು ಇಳಿಯಬೇಕು ಅಂತೇನೂ ಇಲ್ಲ. ಐದರಲ್ಲಿ ಹೋಗುತ್ತಾ ಬ್ರೇಕ್ ಹಿಡಿದು 35ಕ್ಕೆ ಬಂದರೆ ನೇರವಾಗಿ ಮೂರಕ್ಕೆ ಹಾಕಿ. ಹಂಪ್ ದಾಟಿದ ಮೇಲೆ ಎರಡು ಸಾಕು, ಗಾಡಿ ಪೂರ್ತಿ ನಿಂತರೆ ಮಾತ್ರ ಒಂದು. ಆದರೆ ವೇಗ ಇಳಿಯದೆ ಗೇರ್ ಇಳಿಸಬಾರದು. 80ರಲ್ಲಿ ಹೋಗುವಾಗ ಎರಡನೇ ಗೇರ್ ಬಿದ್ದು ಕ್ಲಚ್ ಬಿಟ್ಟರೆ ಇಂಜಿನ್ 6000 ಸುತ್ತು ದಾಟಿಬಿಡುತ್ತದೆ. ಯಾರು ಹಾಗೆ ಹಾಕುತ್ತಾರೆ ಅಂತ ನಗಬೇಡಿ. ಐದರಿಂದ ನಾಲ್ಕಕ್ಕೆ ಬರುವಾಗ ಲಿವರನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಎಡಕ್ಕೆ ಜೋರಾಗಿ ಎಳೆದರೆ ಅದು ನಾಲ್ಕನ್ನು ದಾಟಿ ಎರಡಕ್ಕೆ ಹೋಗಿ ಕೂರುತ್ತದೆ. ನ್ಯೂಟ್ರಲ್‌ನಲ್ಲಿ ಕೈ ಬಿಟ್ಟು ನೋಡಿ, ಒಳಗಿನ ಸ್ಪ್ರಿಂಗ್ ಲಿವರನ್ನು ತಾನಾಗಿ ಮಧ್ಯಕ್ಕೆ, ಮೂರು ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಅಂಗೈಯಲ್ಲಿ ನೇರ ಹಿಂದಕ್ಕೆ ಎಳೆದರೆ ನಾಲ್ಕು. ಬಲ ಬೇಕಾಗಿಲ್ಲ.

ಈಗ ಘಾಟಿ. ನಮ್ಮ ಕಡೆಯವರಿಗೆ ಆಗುಂಬೆ ಹತ್ತದೆ ಇಳಿಯದೆ ವರ್ಷ ಕಳೆಯುವುದಿಲ್ಲ. 14 ಹೇರ್‌ಪಿನ್ ತಿರುವುಗಳು. ಸೋಮೇಶ್ವರದಿಂದ ಹತ್ತುವಾಗ ಗೇರ್ ಇಳಿಸುವುದು ತಿರುವಿಗೆ ಮುಂಚೆ, ತಿರುವಿನ ಒಳಗಲ್ಲ. ಒಳಗೆ ಹೋದ ಮೇಲೆ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಗೇರ್, ಎದುರಿಗೆ ಮಿನಿ ಬಸ್ಸು. ಗಾಡಿ ಅಲ್ಲೇ ಆಫ್ ಆಗಿ ಹಿಂದಕ್ಕೆ ಜಾರುವುದು ಹೀಗೇ. ತಿರುವು ಕಾಣುತ್ತಿದ್ದ ಹಾಗೆ ಎರಡಕ್ಕೆ ಬನ್ನಿ. ಎದುರಿಗೆ ಗಾಡಿ ಬಂದು ತೀರಾ ನಿಧಾನ ಆದರೆ ನಾಚಿಕೆ ಇಲ್ಲದೆ ಒಂದಕ್ಕೆ ಹಾಕಿ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮ, ಅದನ್ನು ನಂಬಿಕೊಂಡು ಮಾತ್ರ ನುಗ್ಗಬೇಡಿ.

ಇಳಿಯುವಾಗಲೂ ಅದೇ ಗೇರ್. ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ ಅಂತ ಹಳೇ ಲಾರಿ ಡ್ರೈವರುಗಳು ಹೇಳುತ್ತಾರೆ. ನ್ಯೂಟ್ರಲ್ ಮಾಡಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವವರು ಇನ್ನೂ ಇದ್ದಾರೆ. ಅದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಸುಡಲೇಬೇಕು. ಅಂದರೆ ಉಳಿತಾಯವೂ ಇಲ್ಲ, ಗಾಡಿಯ ಪೂರ್ತಿ ಭಾರ ಬ್ರೇಕಿನ ಮೇಲೆ. ಹಾಗೆ ಇಳಿದ ಗಾಡಿಗಳಿಂದ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತಿರುತ್ತದೆ. ಪ್ಯಾಡ್ ಬಿಸಿಯಾದ ಮೇಲೆ ಎಷ್ಟು ತುಳಿದರೂ ಬ್ರೇಕ್ ಹಿಡಿಯುವುದಿಲ್ಲ.

ಇನ್ನು ಮೇಷ್ಟ್ರ ಕಾರು. ಕ್ಲಚ್ ಪ್ಲೇಟ್ ಹಾಕಲಿಲ್ಲ. ಆದರೆ ವಾಪಸ್ ಬರುವಾಗ ಇನ್ನೊಂದು ಕಂಡಿತು: ಅವರ ಎಡಗಾಲು ದಾರಿಯುದ್ದಕ್ಕೂ ಕ್ಲಚ್ ಪೆಡಲ್ ಮೇಲೆಯೇ ಇತ್ತು. "ಹಗುರಾಗಿ ಇಟ್ಟಿರ್ತೀನಿ ಅಷ್ಟೇ" ಎಂದರು. ಆ ಹಗುರ ಕಾಲಿನ ಭಾರಕ್ಕೇ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸುಮ್ನೆ ಸವೆಯುತ್ತದೆ, ಪ್ಲೇಟ್ ಅರೆಬರೆ ಜಾರುತ್ತದೆ. ಪೆಡಲಿನ ಎಡಕ್ಕೆ ಕಾಲಿಡಲು ಜಾಗ ಇದೆ ಎಂದು ತೋರಿಸಿದೆ. ಬಗ್ಗಿ ನೋಡಿದರು. ಐದು ವರ್ಷದಿಂದ ಅಲ್ಲಿ ಛತ್ರಿ ಇಟ್ಟುಕೊಂಡಿದ್ದರು.